ಕಂಪೈಲರ್‌ಗೆ ಬರೆದುಕೊಟ್ಟ ಮುಚ್ಚಳಿಕೆ

(ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪ್ರೋಗ್ರಾಮಿಂಗ್ ಭಾಷೆಯ ವಿನ್ಯಾಸ ಮತ್ತು ಕಂಪೈಲರ್ ಆಪ್ಟಿಮೈಸೇಶನ್ ಎಂಬ ಎರಡು ವಿಷಯಗಳನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಕಲಿಯುತ್ತೇವೆ. ಕಂಪೈಲರ್ ಎಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ಅನುವಾದಿಸುವ ಪ್ರೋಗ್ರಾಂ, ಆಪ್ಟಿಮೈಸೇಶನ್ ಎಂದರೆ ಆ ಅನುವಾದವನ್ನು ವೇಗವಾಗಿ ಓಡುವಂತೆ ತಿದ್ದುವುದು. ಭಾಷೆಯ ವಿನ್ಯಾಸವೆಂದರೆ ಬರೆಯುವವರ ಅನುಕೂಲದ ಮಾತು, ಆಪ್ಟಿಮೈಸೇಶನ್ ಎಂದರೆ ಯಂತ್ರದ ಅನುಕೂಲದ ಮಾತು, ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗುತ್ತದೆ ಎಂಬ ಭಾವನೆ ನಮ್ಮಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಈ ಎರಡರ ನಡುವೆ ಒಂದು ಕಾಗದದ ವ್ಯವಹಾರವಿದೆ ಎಂಬುದು ನನ್ನ ವಾದ. ತಾಲ್ಲೂಕು ಕಚೇರಿಗೋ ಕಾಲೇಜಿನ ಕಚೇರಿಗೋ ಹೋದವರಿಗೆ ಮುಚ್ಚಳಿಕೆ ಎಂಬ ಪದ ಗೊತ್ತಿರುತ್ತದೆ: ‘ನಾನು ಹೀಗೆ ಮಾಡುವುದಿಲ್ಲ, ಮಾಡಿದರೆ ಅದರ ಪರಿಣಾಮಕ್ಕೆ ನಾನೇ ಹೊಣೆ’ ಎಂದು ಬರೆದು ಸಹಿ ಹಾಕಿಕೊಡುವ ಪತ್ರ. ಪ್ರತಿಯೊಂದು ಪ್ರೋಗ್ರಾಮಿಂಗ್ ಭಾಷೆಯೂ ತನ್ನನ್ನು ಬಳಸುವವರಿಂದ ಇಂಥ ಕೆಲವು ಮುಚ್ಚಳಿಕೆಗಳನ್ನು ಬರೆಸಿಕೊಳ್ಳುತ್ತದೆ, ಕಂಪೈಲರ್ ಅವುಗಳ ಬಲದ ಮೇಲೆ ಕೋಡನ್ನು ವೇಗಗೊಳಿಸುತ್ತದೆ. ಆದ್ದರಿಂದ ಒಂದು ಭಾಷೆಯ ವೇಗವನ್ನು ಕುರಿತು ಮಾತನಾಡುವಾಗ ನಾನು ಮೊದಲು ಕೇಳುವುದು ಮೂರು ಪ್ರಶ್ನೆಗಳನ್ನು: ಯಾವ ಮಾತನ್ನು ಬರೆಸಿಕೊಂಡಿದ್ದಾರೆ, ಸಹಿ ಹಾಕಿದವರು ಅದನ್ನು ಓದಿದ್ದರೇ, ಆ ಮಾತು ನಡೆಯುತ್ತಿದೆಯೇ ಎಂದು ಪರಿಶೀಲಿಸುವವರು ಯಾರು.

ಕಥೆ ಫೋರ್ಟ್ರಾನ್‌ನಿಂದಲೇ ಆರಂಭವಾಗಬೇಕು. 1953ರ ಕೊನೆಯಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಅವರು ಐಬಿಎಂ 704 ಯಂತ್ರಕ್ಕಾಗಿ ಒಂದು ಉನ್ನತ ಮಟ್ಟದ ಭಾಷೆಯನ್ನು ಮಾಡುವ ಪ್ರಸ್ತಾವ ಮುಂದಿಟ್ಟರು. ಅದಕ್ಕೂ ಹಿಂದಿನ ಬಹುತೇಕ ಯಂತ್ರಗಳಲ್ಲಿ ದಶಮಾಂಶದ ಲೆಕ್ಕಗಳನ್ನು, ಅಂದರೆ ಫ್ಲೋಟಿಂಗ್ ಪಾಯಿಂಟ್ ಕ್ರಿಯೆಗಳನ್ನು, ಸಾಫ್ಟ್‌ವೇರ್ ಮೂಲಕವೇ ನಡೆಸಬೇಕಾಗಿತ್ತು. ಅದೇ ಅಷ್ಟು ನಿಧಾನವಾಗಿದ್ದುದರಿಂದ ಅದರ ಮೇಲೆ ಕೂತ ಇನ್ನೊಂದು ನಿಧಾನದ ಪದರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 704ರಲ್ಲಿ ಆ ಲೆಕ್ಕಗಳು ಯಂತ್ರಾಂಶಕ್ಕೇ ಬಂದವು, ಮರೆಯಲ್ಲಿ ನಿಲ್ಲಲು ಜಾಗವಿಲ್ಲದಂತಾಯಿತು. ಕೈಯಿಂದ ಬರೆದ ಯಂತ್ರಭಾಷೆಯ ಕೋಡಿಗೆ ಸರಿಸಮನಾದ ಕೋಡನ್ನು ಕಂಪೈಲರ್ ಕೊಡದಿದ್ದರೆ ಒಬ್ಬ ಪ್ರೋಗ್ರಾಮರ್ ಕೂಡ ಈ ಕಡೆ ತಿರುಗಿ ನೋಡುವುದಿಲ್ಲ ಎಂಬುದು ಬ್ಯಾಕಸ್ ಅವರ ತಂಡಕ್ಕಿದ್ದ ದೊಡ್ಡ ಭಯ. ಆರು ತಿಂಗಳಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದ ಕೆಲಸ 1957ರ ಏಪ್ರಿಲ್‌ವರೆಗೆ ಎಳೆಯಿತು. ಭಾಷೆಯ ವಿನ್ಯಾಸವನ್ನು ತಾವು ಕಷ್ಟದ ಸಮಸ್ಯೆಯೆಂದು ಎಣಿಸಲೇ ಇಲ್ಲ, ಕೆಲಸ ಸಾಗಿದಂತೆ ಭಾಷೆಯನ್ನು ಕಟ್ಟುತ್ತ ಹೋದೆವು, ದಕ್ಷ ಕೋಡನ್ನು ಹುಟ್ಟಿಸುವ ಕಂಪೈಲರ್ ಒಂದೇ ತಮಗಿದ್ದ ನಿಜವಾದ ಸಮಸ್ಯೆ ಎಂಬ ಅರ್ಥದ ಮಾತನ್ನು ಬ್ಯಾಕಸ್ ಅವರೇ ಮುಂದೆ 1978ರಲ್ಲಿ ಬರೆದರು.

ಜಗತ್ತಿನ ಮೊದಲ ಜನಪ್ರಿಯ ಉನ್ನತ ಮಟ್ಟದ ಭಾಷೆ ಹೀಗೆ ಆಪ್ಟಿಮೈಸರ್‌ನ ನೆರಳಿನಲ್ಲಿ ಹುಟ್ಟಿತು. ಆ ನೆರಳು ಎಷ್ಟು ದಟ್ಟವಾಗಿತ್ತೆಂದರೆ, ಮೊದಲ ಫೋರ್ಟ್ರಾನ್‌ನಲ್ಲಿ ‘ಫ್ರೀಕ್ವೆನ್ಸಿ’ ಎಂಬ ಒಂದು ಆಜ್ಞೆಯೇ ಇತ್ತು: ಈ ಕವಲಿನಲ್ಲಿ ಯಾವ ದಾರಿಯನ್ನು ಎಷ್ಟು ಬಾರಿ ಹಿಡಿಯಲಾಗುತ್ತದೆ ಎಂದು ಪ್ರೋಗ್ರಾಮರ್ ಅಂದಾಜು ಹೇಳಬಹುದಾಗಿತ್ತು. ಆ ಅಂದಾಜನ್ನು ಇಟ್ಟುಕೊಂಡು, 704ರಲ್ಲಿದ್ದ ಮೂರೇ ಮೂರು ಇಂಡೆಕ್ಸ್ ರಿಜಿಸ್ಟರ್‌ಗಳನ್ನು (ಪ್ರೊಸೆಸರ್ ಒಳಗಿನ ವೇಗದ ಪುಟ್ಟ ಸಂಗ್ರಹಗಳನ್ನು) ಯಾವ ಲೂಪಿಗೆ, ಅಂದರೆ ಮತ್ತೆ ಮತ್ತೆ ನಡೆಯುವ ಕೋಡಿನ ತುಂಡಿಗೆ, ಹಂಚಬೇಕೆಂದು ಕಂಪೈಲರ್ ಲೆಕ್ಕ ಹಾಕುತ್ತಿತ್ತು. ಅಂದಾಜು ತಪ್ಪಾದರೂ ಪ್ರೋಗ್ರಾಂ ತಪ್ಪುವುದಿಲ್ಲ, ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಇದು ಮುಚ್ಚಳಿಕೆಯಲ್ಲ, ಬರೀ ಸುಳಿವು. ಭಾಷೆಯ ನಿಯಮಗಳನ್ನು ಅಧಿಕೃತವಾಗಿ ಬರೆದಿಟ್ಟ 1966ರ ಮಾನಕ ಬರುವಷ್ಟರಲ್ಲಿ ಆ ಆಜ್ಞೆ ಮರೆಯಾಗಿತ್ತು.

ಆದರೆ ಅದೇ 1966ರ ಮಾನಕದಲ್ಲಿ ನಿಜವಾದ ಮುಚ್ಚಳಿಕೆಯೊಂದು ಸೇರಿಕೊಂಡಿತು. ಅದನ್ನು ವಿವರಿಸಲು ನಮ್ಮ ಮನೆಗಳ ಒಂದು ಅಭ್ಯಾಸವನ್ನು ನೆನೆಯುತ್ತೇನೆ. ಮನೆಯಲ್ಲಿ ಪುಟ್ಟ ಎಂದು ಕರೆಸಿಕೊಳ್ಳುವ ಹುಡುಗ ಶಾಲೆಯ ಹಾಜರಿ ಪುಸ್ತಕದಲ್ಲಿ ವೆಂಕಟೇಶ. ‘ಪುಟ್ಟನಿಗೆ ಊಟ ಬಡಿಸಿದೆ, ವೆಂಕಟೇಶ ಇನ್ನೂ ಹಸಿದಿದ್ದಾನೆಯೇ’ ಎಂದು ಕೇಳಿದರೆ ಮನೆಯವರು ನಗುತ್ತಾರೆ, ಹೊರಗಿನವರಿಗೆ ಮಾತ್ರ ಅದು ಉತ್ತರವಿಲ್ಲದ ಪ್ರಶ್ನೆ. ಕಂಪೈಲರ್ ಯಾವಾಗಲೂ ಹೊರಗಿನವನೇ. ಮೆಮೊರಿಯ ಒಂದೇ ಜಾಗಕ್ಕೆ ಎರಡು ಹೆಸರುಗಳಿರುವುದನ್ನು ಏಲಿಯಾಸಿಂಗ್ ಎನ್ನುತ್ತಾರೆ, ಮತ್ತು ಆಪ್ಟಿಮೈಸೇಶನ್‌ನ ಅರ್ಧಕ್ಕರ್ಧ ತಲೆನೋವು ಇಲ್ಲಿದೆ ಎಂದರೆ ಕಂಪೈಲರ್ ಬರೆಯುವವರು ಆಕ್ಷೇಪಿಸಲಾರರು.

ಒಂದು ಪುಟ್ಟ ಫಂಕ್ಷನ್ ಅನ್ನು, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಕೋಡಿನ ತುಂಡನ್ನು, ಊಹಿಸಿಕೊಳ್ಳಿ. ಅದಕ್ಕೆ ಪೂರ್ಣಾಂಕಗಳ ಒಂದು ಅರೇಯನ್ನೂ (ಸಾಲಾಗಿ ಜೋಡಿಸಿದ ಪಟ್ಟಿಯನ್ನೂ), ಒಂದು ಪೂರ್ಣಾಂಕದ ವಿಳಾಸವನ್ನೂ ಕೊಡುತ್ತೇವೆ, ಅದು ಆ ವಿಳಾಸದಲ್ಲಿರುವ ಸಂಖ್ಯೆಯನ್ನು ಅರೇಯ ಪ್ರತಿಯೊಂದು ಅಂಶಕ್ಕೂ ಕೂಡಿಸುತ್ತದೆ. ಆ ಸಂಖ್ಯೆಯನ್ನು ಲೂಪಿನ ಹೊರಗೆ ಒಮ್ಮೆ ಓದಿ ರಿಜಿಸ್ಟರ್‌ನಲ್ಲಿ ಇಟ್ಟುಕೊಂಡರೆ ಸಾಕು ಎಂದು ನೋಡಿದ ಯಾರಿಗಾದರೂ ಅನಿಸುತ್ತದೆ. ಆದರೆ ಆ ವಿಳಾಸವು ಅರೇಯ ಒಳಗಿನ ಮೂರನೆಯ ಅಂಶದ್ದೇ ಆಗಿದ್ದರೆ? ಆಗ ಮೂರನೆಯ ಸುತ್ತಿನಲ್ಲಿ ಕೂಡಿಸಬೇಕಾದ ಸಂಖ್ಯೆಯೇ ಬದಲಾಗುತ್ತದೆ, ನಾಲ್ಕನೆಯ ಸುತ್ತಿನಿಂದ ಉತ್ತರಗಳು ಬೇರೆಯಾಗುತ್ತವೆ. ಯಾವ ಬುದ್ಧಿವಂತ ಪ್ರೋಗ್ರಾಮರ್ ಕೂಡ ಹಾಗೆ ಬರೆಯಲಾರ, ನಿಜ. ಆದರೆ ಬರೆಯಲು ಭಾಷೆ ಅನುಮತಿ ಕೊಟ್ಟಿದ್ದರೆ ಕಂಪೈಲರ್ ಆ ಹುಚ್ಚು ಸಾಧ್ಯತೆಯನ್ನು ಗೌರವಿಸಲೇಬೇಕು. ಪ್ರತಿ ಸುತ್ತಿನಲ್ಲೂ ಮೆಮೊರಿಗೆ ಹೋಗಿ ಆ ಸಂಖ್ಯೆಯನ್ನು ಮತ್ತೆ ಓದಿ ತರಲೇಬೇಕು. ಫೋರ್ಟ್ರಾನ್ ಮಾನಕ ಹೇಳಿದ್ದು ಇಷ್ಟೆ: ಸಬ್‌ರೂಟೀನ್‌ಗೆ (ಫಂಕ್ಷನ್‌ನಂಥದ್ದೇ ಕೋಡಿನ ತುಂಡಿಗೆ) ಕೊಟ್ಟ ಎರಡು ಹೆಸರುಗಳು ಒಂದೇ ಜಾಗವನ್ನು ಸೂಚಿಸುತ್ತಿದ್ದರೆ, ಆ ಸಬ್‌ರೂಟೀನ್ ಅವುಗಳಲ್ಲಿ ಯಾವುದನ್ನೂ ಬದಲಾಯಿಸುವಂತಿಲ್ಲ. ಈ ಒಂದು ವಾಕ್ಯದ ಬಲದ ಮೇಲೆ ಫೋರ್ಟ್ರಾನ್ ಕಂಪೈಲರ್ ಆ ಸಂಖ್ಯೆಯನ್ನು ಹೊರಗೆ ತಂದಿಟ್ಟುಕೊಳ್ಳಬಹುದು, ನಾಲ್ಕೋ ಎಂಟೋ ಅಂಶಗಳನ್ನು ಒಟ್ಟಿಗೆ ಕೂಡಿಸುವ ವೆಕ್ಟರ್ ಆಜ್ಞೆಗಳನ್ನು ಬಳಸಬಹುದು. ಹವಾಮಾನದ ಲೆಕ್ಕಾಚಾರ ಮಾಡುವವರು ಇಂದಿಗೂ ಫೋರ್ಟ್ರಾನ್ ಬಿಟ್ಟಿಲ್ಲವೆಂದರೆ ಹಳೆಯ ಕೋಡಿನ ಮೇಲಿನ ಮಮಕಾರ ಮಾತ್ರ ಅದಕ್ಕೆ ಕಾರಣವಲ್ಲ. ಆದರೆ ಆ ಮುಚ್ಚಳಿಕೆಯನ್ನು ಪಾಲಿಸಲಾಗಿದೆಯೇ ಎಂದು ಪರಿಶೀಲಿಸುವ ಹೊಣೆಯನ್ನು ಮಾನಕ ಕಂಪೈಲರ್ ಮೇಲೆ ಹಾಕಿಲ್ಲ. ಮಾತು ಮುರಿದವರಿಗೆ ಉತ್ತರ ತಪ್ಪಿದಾಗಲೇ ತಿಳಿಯುವುದು.

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನ್ನಿಸ್ ರಿಚ್ಚಿ ಅವರು ಸಿ ಭಾಷೆಯನ್ನು ರೂಪಿಸಿದಾಗ ಇಂಥ ಮಾತನ್ನು ಯಾರಿಂದಲೂ ಬರೆಸಿಕೊಳ್ಳಲಿಲ್ಲ. ಒಂದು ಸಣ್ಣ ಯಂತ್ರದ ಮೇಲೆ ಆಪರೇಟಿಂಗ್ ಸಿಸ್ಟಮ್ ಬರೆಯುವುದು ಅವರ ಗುರಿಯಾಗಿತ್ತು. ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸವನ್ನು ಹಿಡಿದಿಟ್ಟ ಹೆಸರು, ಎಲ್ಲಿಗೆ ಬೇಕಾದರೂ ಬೆರಳು ತೋರಿಸಬಹುದು, ಫಂಕ್ಷನ್‌ಗೆ ಕೊಟ್ಟ ಅರೇ ಕೂಡ ಒಳಗೆ ಹೋಗುವಷ್ಟರಲ್ಲಿ ಬರೀ ಪಾಯಿಂಟರ್ ಆಗಿರುತ್ತದೆ. ಐಬಿಎಂನಲ್ಲಿ ದಶಕಗಳ ಕಾಲ ಆಪ್ಟಿಮೈಸೇಶನ್ ಸಿದ್ಧಾಂತವನ್ನು ಕಟ್ಟಿದ, 2006ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದ ಫ್ರಾನ್ಸೆಸ್ ಆಲನ್ ಅವರಿಗೆ ಸಿಯ ಮೇಲೆ ಇದೇ ಕಾರಣಕ್ಕೆ ಮುನಿಸಿತ್ತು. ತಮ್ಮ ಕ್ಷೇತ್ರವನ್ನು ಅದು ಬಹಳ ಹಿಂದಕ್ಕೆ ತಳ್ಳಿತು ಎಂದೇ ಅವರು ಭಾವಿಸಿದ್ದರು. ಆ ಮಾತಿನಲ್ಲಿ ಸ್ವಲ್ಪ ಅತಿಶಯವಿದೆ ಎಂದು ನನಗನಿಸುತ್ತದೆ, ಏಕೆಂದರೆ ಸಿ ಕೊಟ್ಟ ಆ ಸ್ವಾತಂತ್ರ್ಯವಿಲ್ಲದೆ ಯುನಿಕ್ಸ್ ಎಂಬ ಆ ಆಪರೇಟಿಂಗ್ ಸಿಸ್ಟಮ್ ಬರೆಯುವುದು ಹೇಗಾಗುತ್ತಿತ್ತು ಎಂಬುದನ್ನೂ ಕೇಳಬೇಕಾಗುತ್ತದೆ. ಆದರೂ ಅವರ ನೋವಿಗೆ ಆಧಾರವಿತ್ತು.

ಸಿಯ ಮಾನಕವನ್ನು ಸಿದ್ಧಪಡಿಸುತ್ತಿದ್ದ ಅಮೆರಿಕದ ಸಮಿತಿ ಈ ಕೊರತೆಯನ್ನು ತುಂಬಲು ಕೊನೆಯ ಹಂತದಲ್ಲಿ ‘ನೋಏಲಿಯಾಸ್’ ಎಂಬ ಹೊಸ ಪದವನ್ನು ಸೇರಿಸಹೊರಟಿತು. 1988ರಲ್ಲಿ ರಿಚ್ಚಿ ಅವರು ಸಮಿತಿಗೆ ಬರೆದ ಪತ್ರ ನಮ್ಮ ಕ್ಷೇತ್ರದ ಅತ್ಯಂತ ಖಾರದ ದಾಖಲೆಗಳಲ್ಲಿ ಒಂದು. ನೋಏಲಿಯಾಸ್ ಹೋಗಲೇಬೇಕು, ಇದರಲ್ಲಿ ಚೌಕಾಸಿಗೆ ಅವಕಾಶವಿಲ್ಲ ಎಂದು ಅವರು ಬರೆದರು. ಮೇಲ್ನೋಟಕ್ಕೆ ಸುರಕ್ಷಿತವಾಗಿ ಕಾಣುವ ಪ್ರೋಗ್ರಾಂಗಳನ್ನು ಕಂಪೈಲರ್ ಕಾನೂನುಬದ್ಧವಾಗಿಯೇ ಕಲಸುಮೇಲೋಗರ ಮಾಡಲು ಇದು ಪರವಾನಗಿ ಕೊಡುತ್ತದೆ ಎಂಬುದು ಅವರ ಆಕ್ಷೇಪದ ತಿರುಳು. ಪದ ಹೋಯಿತು, ಅದಿಲ್ಲದೆಯೇ 1989ರಲ್ಲಿ ಮಾನಕ ಹೊರಬಂದಿತು. ಹತ್ತು ವರ್ಷಗಳ ನಂತರ, 1999ರ ಮಾನಕದಲ್ಲಿ, ‘ರಿಸ್ಟ್ರಿಕ್ಟ್’ ಎಂಬ ಹೆಸರಿನಲ್ಲಿ ಅದರ ಹೆಚ್ಚು ಸಭ್ಯವಾದ ತಮ್ಮ ಬಂದು ಕುಳಿತ. ಬೇಕಾದವರು ಬೇಕಾದ ಪಾಯಿಂಟರ್‌ಗೆ ಮಾತ್ರ ಬರೆದುಕೊಡಬಹುದಾದ ಮುಚ್ಚಳಿಕೆ ಅದು. ಅದಕ್ಕೂ ಪರಿಶೀಲನೆಯಿಲ್ಲ.

ರಿಚ್ಚಿ ಅವರು ಹೆದರಿದ್ದು ಮುಂದಿನ ಬಾಗಿಲಿಗೆ, ಆದರೆ ಅಪಾಯ ಹಿತ್ತಲ ಬಾಗಿಲಿನಿಂದ ಬಂದಿತು. 1989ರ ಮಾನಕವು ಹಲವಾರು ಸಂದರ್ಭಗಳನ್ನು ‘ಅನ್‌ಡಿಫೈನ್ಡ್ ಬಿಹೇವಿಯರ್’, ಅಂದರೆ ಏನಾಗಬೇಕೆಂದು ನಿಯಮ ಹೇಳದ ವರ್ತನೆ, ಎಂದು ಬಿಟ್ಟುಕೊಟ್ಟಿತ್ತು. ಉದಾಹರಣೆಗೆ, ಚಿಹ್ನೆಯುಳ್ಳ ಪೂರ್ಣಾಂಕ ತನ್ನ ಮಿತಿ ಮೀರಿದರೆ ಏನಾಗುತ್ತದೆ ಎಂದು ಹೇಳಲಿಲ್ಲ, ಏಕೆಂದರೆ ಆ ಕಾಲದ ಯಂತ್ರಗಳು ಋಣ ಸಂಖ್ಯೆಗಳನ್ನು ಬೇರೆ ಬೇರೆ ರೀತಿಯಲ್ಲಿ ಬರೆದಿಡುತ್ತಿದ್ದವು. ಹೊಂದಿಕೊಂಡು ಹೋಗಲೆಂದು ಬಿಟ್ಟ ಆ ಖಾಲಿ ಜಾಗವನ್ನು ನಂತರದ ಆಪ್ಟಿಮೈಸರ್‌ಗಳು ಮುಚ್ಚಳಿಕೆಯೆಂದು ಓದಿಕೊಂಡವು: ಪ್ರೋಗ್ರಾಮರ್ ಎಂದಿಗೂ ಮಿತಿ ಮೀರುವುದಿಲ್ಲವೆಂದು ಬರೆದುಕೊಟ್ಟಿದ್ದಾನೆ, ಆದ್ದರಿಂದ ಮೀರಿದೆಯೇ ಎಂದು ನಂತರ ನೋಡುವ ಪರೀಕ್ಷೆ ಅನಗತ್ಯ, ಅದನ್ನು ಕಿತ್ತುಹಾಕಬಹುದು. ಇದರಿಂದ ನಿಜವಾದ ಲಾಭವೂ ಇದೆ ಎಂಬುದನ್ನು ಮರೆಯಬಾರದು. ಲೂಪಿನ 32 ಬಿಟ್‌ನ ಎಣಿಕೆಯು ಮಿತಿ ಮೀರಿ ಸುತ್ತಿ ಬರುವುದಿಲ್ಲವೆಂದು ನಂಬಿದರೆ 64 ಬಿಟ್ ಯಂತ್ರದಲ್ಲಿ ಅದನ್ನು ನೇರವಾಗಿ ವಿಳಾಸದ ಲೆಕ್ಕಕ್ಕೆ ಬೆಸೆಯಬಹುದು. ಯಂತ್ರಗಳ ವೈವಿಧ್ಯ ಈಗ ಮುಗಿದ ಕಥೆ. ಸಿಯ 2023ರ ಮಾನಕವು ಋಣ ಸಂಖ್ಯೆಗಳಿಗೆ ಒಂದೇ ರೂಪವನ್ನು ಕಡ್ಡಾಯ ಮಾಡಿದೆ. ಆದರೂ ಮಿತಿ ಮೀರುವುದು ಇನ್ನೂ ಅನ್‌ಡಿಫೈನ್ಡ್ ಆಗಿಯೇ ಉಳಿದಿದೆ. ಮೂಲ ಕಾರಣ ಸತ್ತಿತು, ಅದರ ಮೇಲೆ ಬೆಳೆದ ಆಪ್ಟಿಮೈಸೇಶನ್ ಆ ಜಾಗವನ್ನು ಖಾಲಿ ಮಾಡಲು ಒಪ್ಪಲಿಲ್ಲ.

ಇದರ ಕುಖ್ಯಾತ ಪ್ರಸಂಗ 2009ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ ನಡೆಯಿತು. ‘ಟನ್’ ಎಂಬ ನೆಟ್‌ವರ್ಕ್ ಡ್ರೈವರ್‌ನ ಒಂದು ಫಂಕ್ಷನ್ ಮೊದಲು ಒಂದು ಪಾಯಿಂಟರ್‌ನ ಒಳಗಿನಿಂದ ಮೌಲ್ಯವೊಂದನ್ನು ಓದಿಕೊಂಡು, ಅದರ ಮುಂದಿನ ಸಾಲಿನಲ್ಲಿ ಆ ಪಾಯಿಂಟರ್ ಶೂನ್ಯವೇ ಎಂದು ಪರೀಕ್ಷಿಸುತ್ತಿತ್ತು. ಸಾಲುಗಳು ಹಿಂದುಮುಂದಾಗಿದ್ದವು, ಅದು ಮನುಷ್ಯನ ತಪ್ಪು. ಆದರೆ ಜಿಸಿಸಿ ಕಂಪೈಲರ್ ತರ್ಕಿಸಿದ್ದು ಹೀಗೆ: ಶೂನ್ಯ ಪಾಯಿಂಟರ್‌ನಿಂದ ಓದುವುದು ಅನ್‌ಡಿಫೈನ್ಡ್, ಇಲ್ಲಿ ಓದಿಯಾಗಿದೆ, ಆದ್ದರಿಂದ ಇದು ಶೂನ್ಯವಾಗಿರಲು ಸಾಧ್ಯವಿಲ್ಲ, ಆದ್ದರಿಂದ ಪರೀಕ್ಷೆ ವ್ಯರ್ಥ. ಪರೀಕ್ಷೆ ಅಳಿಸಿಹೋಯಿತು, ಕರ್ನಲ್‌ನಲ್ಲಿ ಶೂನ್ಯ ವಿಳಾಸವನ್ನು ದುರುಪಯೋಗ ಮಾಡಿಕೊಳ್ಳುವವರಿಗೆ ದಾರಿ ತೆರೆಯಿತು. ಆ ಮೇಲೆ ಲಿನಕ್ಸ್ ಅನ್ನು ಈ ತರ್ಕವನ್ನು ನಿಲ್ಲಿಸುವ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿಯೇ ಕಂಪೈಲ್ ಮಾಡಲಾಗುತ್ತಿದೆ. ದತ್ತಾಂಶದ ವಿಧಗಳ ಆಧಾರದ ಮೇಲೆ ಏಲಿಯಾಸಿಂಗ್ ಊಹಿಸುವುದನ್ನೂ, ಮಿತಿ ಮೀರುವುದಿಲ್ಲವೆಂಬ ಊಹೆಯನ್ನೂ ಅದು ನಿಲ್ಲಿಸಿಯೇ ಇಟ್ಟುಕೊಂಡಿದೆ. ಅಂದರೆ ಜಗತ್ತಿನ ಅತಿ ದೊಡ್ಡ ಸಿ ಯೋಜನೆಗಳಲ್ಲಿ ಒಂದು ಬರೆಯಲ್ಪಟ್ಟಿರುವುದು ಮಾನಕದ ಸಿಯಲ್ಲಿ ಅಲ್ಲ, ಕೆಲವು ಮುಚ್ಚಳಿಕೆಗಳನ್ನು ಹಿಂಪಡೆದ ಇನ್ನೊಂದು ಸಿಯಲ್ಲಿ. ಕಂಪೈಲರ್‌ನ ಫ್ಲ್ಯಾಗ್‌ಗಳು ಹೀಗೆ ಸದ್ದಿಲ್ಲದೆ ಭಾಷೆಯ ವಿನ್ಯಾಸ ಮಾಡುತ್ತವೆ.

ಹಾಗಾದರೆ ಮುಚ್ಚಳಿಕೆಯನ್ನು ಪರಿಶೀಲಿಸುವ ಭಾಷೆ ಇರಲಾರದೇ? ರಸ್ಟ್ ಅಂಥದ್ದೊಂದು. ಒಂದು ಜಾಗವನ್ನು ಬದಲಾಯಿಸುವ ಹಕ್ಕು ಒಂದು ಹೆಸರಿನ ಕೈಯಲ್ಲಿರುವಾಗ ಬೇರೆ ಯಾವ ಹೆಸರೂ ಅದನ್ನು ಮುಟ್ಟುವಂತಿಲ್ಲ ಎಂಬುದು ಅದರ ಮೂಲ ನಿಯಮ, ಮತ್ತು ಅದನ್ನು ಮುರಿದ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. ಈ ನಿಯಮ ಬಂದದ್ದು ಮುಖ್ಯವಾಗಿ ಮೆಮೊರಿಯ ಸುರಕ್ಷತೆಗಾಗಿ. ಆದರೆ ಫೋರ್ಟ್ರಾನ್ ಬರೆಸಿಕೊಂಡಿದ್ದ ಮಾತು ಅದರ ಜೊತೆಗೆ ಪುಕ್ಕಟೆಯಾಗಿ ಸಿಕ್ಕಿತು, ಅದೂ ಪರಿಶೀಲನೆಯ ಮುದ್ರೆಯೊಂದಿಗೆ. ಮುಂದೆ ನಡೆದದ್ದು ನನಗೆ ಬಹಳ ಪ್ರಿಯವಾದ ಪ್ರಸಂಗ. ರಸ್ಟ್ ತನ್ನ ಯಂತ್ರಕೋಡಿಗಾಗಿ ಎಲ್‌ಎಲ್‌ವಿಎಂ ಎಂಬ ಆಪ್ಟಿಮೈಸರ್ ಅನ್ನು ಬಳಸುತ್ತದೆ. ಸಿ ಬರೆಯುವವರು ರಿಸ್ಟ್ರಿಕ್ಟ್ ಪದವನ್ನು ಬಳಸುವುದೇ ಅಪರೂಪವಾದ್ದರಿಂದ ಎಲ್‌ಎಲ್‌ವಿಎಂನ ಆ ಮೂಲೆಯಲ್ಲಿ ಅಷ್ಟಾಗಿ ಯಾರೂ ಓಡಾಡಿರಲಿಲ್ಲ. ರಸ್ಟ್ ತನ್ನ ಬಹುತೇಕ ಪ್ರತಿಯೊಂದು ಫಂಕ್ಷನ್‌ನಲ್ಲೂ ಆ ಮಾತನ್ನು ಹೇಳಲು ಶುರುಮಾಡಿದ ಕೂಡಲೇ ಅಲ್ಲಿ ಅಡಗಿದ್ದ ದೋಷಗಳು ಒಂದೊಂದಾಗಿ ಹೊರಬಿದ್ದು, ಸರಿಯಾದ ಪ್ರೋಗ್ರಾಂಗಳಿಗೆ ತಪ್ಪು ಕೋಡು ಹುಟ್ಟತೊಡಗಿತು. ರಸ್ಟ್ ತಂಡದವರು ಆ ಸೌಲಭ್ಯವನ್ನು ಆರಿಸಿದರು, ಹಚ್ಚಿದರು, ಮತ್ತೆ ಆರಿಸಿದರು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂದ ಭಾಷೆಯಲ್ಲಿ ಅದು ನೆಲೆಯೂರಿದ್ದು 2021ರ 1.54 ಆವೃತ್ತಿಯಲ್ಲಿ. ಅರ್ಧ ಶತಮಾನದ ಹಿಂದೆ ಫೋರ್ಟ್ರಾನ್ ಕೇಳಿ ಪಡೆದಿದ್ದ ಒಂದು ಮಾತನ್ನು ಸಿಯ ಕಾಲದಲ್ಲಿ ಬೆಳೆದ ಆಪ್ಟಿಮೈಸರ್ ಮರಳಿ ಕೇಳಿಸಿಕೊಳ್ಳಲು ಆರು ವರ್ಷ ಬೇಕಾಯಿತು. ರಸ್ಟ್‌ನ ‘ಅನ್‌ಸೇಫ್’ ಭಾಗಗಳಲ್ಲಿ ಮಾತ್ರ ಪರಿಶೀಲನೆ ಮತ್ತೆ ಪ್ರೋಗ್ರಾಮರ್‌ನ ಹೆಗಲಿಗೇ ಬೀಳುತ್ತದೆ.

ಇಷ್ಟರಲ್ಲಿ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಬ್ರೌಸರ್‌ಗಳ ಭಾಷೆಯಾದ ಜಾವಾಸ್ಕ್ರಿಪ್ಟ್ ಎದ್ದು ನಿಂತಿರಬಹುದು. 1995ರಲ್ಲಿ ಹತ್ತು ದಿನಗಳಲ್ಲಿ ಮೊದಲ ರೂಪ ಪಡೆದ ಆ ಭಾಷೆ ಪ್ರೋಗ್ರಾಮರ್‌ನಿಂದ ಯಾವ ಮಾತನ್ನೂ ಬರೆಸಿಕೊಳ್ಳುವುದಿಲ್ಲ. ವೇರಿಯಬಲ್‌ನಲ್ಲಿ ಈಗ ಸಂಖ್ಯೆಯಿರಬಹುದು, ಮರುಕ್ಷಣ ವಾಕ್ಯವಿರಬಹುದು, ವಸ್ತುವಿಗೆ ನಡುದಾರಿಯಲ್ಲಿ ಹೊಸ ಅಂಗ ಮೂಡಬಹುದು. ಆದರೂ ಅದು ಇಂದು ವೇಗವಾಗಿ ಓಡುತ್ತದೆ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪವಿಲ್ಲ. ಇದರ ಬೇರು 1980ರ ದಶಕದ ಕೊನೆಯ ಸೆಲ್ಫ್ ಎಂಬ ಸಂಶೋಧನಾ ಭಾಷೆಯಲ್ಲಿದೆ. ಡೇವಿಡ್ ಅಂಗರ್, ಕ್ರೇಗ್ ಚೇಂಬರ್ಸ್, ಊರ್ಸ್ ಹೋಲ್ಜ್ಲೆ ಮತ್ತು ಅವರ ಸಂಗಡಿಗರು, ಪ್ರೋಗ್ರಾಂ ಓಡುತ್ತಿರುವಾಗಲೇ ಅದನ್ನು ಗಮನಿಸಿ, ಈ ಜಾಗದಲ್ಲಿ ಇದುವರೆಗೆ ಬಂದದ್ದು ಇಂಥ ವಸ್ತುವೇ, ಮುಂದೆಯೂ ಅದೇ ಬರಬಹುದು ಎಂದು ಬಾಜಿ ಕಟ್ಟಿ ಕೋಡು ಹುಟ್ಟಿಸುವ, ಬಾಜಿ ಸೋತರೆ ಆ ಕೋಡನ್ನು ಕೈಬಿಟ್ಟು ಹಿಂದಿನ ನಿಧಾನದ ದಾರಿಗೆ ಮರಳುವ ತಂತ್ರಗಳನ್ನು ಬೆಳೆಸಿದರು. 1991ರ ಹೊತ್ತಿಗೆ ಸೆಲ್ಫ್ ತನ್ನ ಪರೀಕ್ಷೆಗಳಲ್ಲಿ ಆಪ್ಟಿಮೈಸ್ ಮಾಡಿದ ಸಿಯ ಅರ್ಧಕ್ಕಿಂತ ಹೆಚ್ಚಿನ ವೇಗ ಮುಟ್ಟಿತ್ತು. ಅದೇ ತಂತ್ರಗಳು ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಹಾಟ್‌ಸ್ಪಾಟ್‌ಗೂ, ಜಾವಾಸ್ಕ್ರಿಪ್ಟ್ ಓಡಿಸಲು 2008ರಲ್ಲಿ ಬಂದ ಗೂಗಲ್‌ನ ವಿ8ಗೂ ಹರಿದುಬಂದವು.

ಇದು ಆಪ್ಟಿಮೈಸೇಶನ್‌ನ ದೊಡ್ಡ ಗೆಲುವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬೆಲೆಯನ್ನೂ ನೋಡಿ. ಬಾಜಿ ಗೆದ್ದಿದೆಯೇ ಎಂಬ ಪರೀಕ್ಷೆಗಳು ಕೋಡಿನ ತುಂಬ ಹರಡಿರುತ್ತವೆ, ಬಿಸಿಯೇರಲು ಸಮಯ ಬೇಕು, ಮೆಮೊರಿ ಬೇಕು, ಮತ್ತು ಒಂದು ನಿರುಪದ್ರವಿ ಬದಲಾವಣೆಯಿಂದ ವೇಗ ಏಕೆ ಕುಸಿಯಿತೆಂದು ಪ್ರೋಗ್ರಾಮರ್‌ಗೆ ಹೊಳೆಯುವುದಿಲ್ಲ. ಸಿ++ನಲ್ಲಿ ಬರೆದ ಆಟಗಳನ್ನು ಬ್ರೌಸರ್‌ಗೆ ತರಬೇಕಾದಾಗ ಆ ವೇಗ ಸಾಲದಾಯಿತು. 2013ರಲ್ಲಿ ಮೊಝಿಲ್ಲಾದವರು ಏಎಸ್ಎಂ.ಜೆಎಸ್ ಎಂಬ ಉಪಾಯ ಹೂಡಿದರು: ಪ್ರತಿಯೊಂದು ಪೂರ್ಣಾಂಕದ ಲೆಕ್ಕದ ಕೊನೆಗೂ ಶೂನ್ಯದೊಂದಿಗೆ ಬಿಟ್‌ವೈಸ್ ಆರ್ ಮಾಡುವ, ನೋಡಲು ಅರ್ಥಹೀನವೆನಿಸುವ ಒಂದು ಬಾಲ. ಆ ಬಾಲದ ಅರ್ಥ, ‘ಇದು 32 ಬಿಟ್ ಪೂರ್ಣಾಂಕ, ಬೇರೇನೂ ಆಗಿರುವುದಿಲ್ಲ’ ಎಂದು. ಮುಚ್ಚಳಿಕೆ ಕೇಳದ ಭಾಷೆಯಲ್ಲಿ ಜನ ತಾವಾಗಿಯೇ, ಹಾಳೆಯ ಅಂಚಿನಲ್ಲಿ, ಮುಚ್ಚಳಿಕೆ ಬರೆಯತೊಡಗಿದ್ದರು. 2017ರ ಹೊತ್ತಿಗೆ ಮುಖ್ಯ ಬ್ರೌಸರ್‌ಗಳಿಗೆಲ್ಲ ಬಂದ ವೆಬ್‌ಅಸೆಂಬ್ಲಿ ಎಂಬ ಕೆಳಮಟ್ಟದ ಭಾಷೆಯಲ್ಲಿ ಅದೇ ಮಾತು ವಿಧಗಳ ರೂಪದಲ್ಲಿ ಅಧಿಕೃತವಾಯಿತು, ಓಡಿಸುವ ಮುನ್ನ ಪರಿಶೀಲನೆಯೂ ಕಡ್ಡಾಯವಾಯಿತು.

ಮುಚ್ಚಳಿಕೆ ಎದುರು ದಿಕ್ಕಿನಿಂದಲೂ ಬರಬಹುದು. ಫಂಕ್ಷನ್‌ನ ಕೊನೆಯ ಕೆಲಸ ಇನ್ನೊಂದು ಫಂಕ್ಷನ್ ಅನ್ನು ಕರೆಯುವುದೇ ಆಗಿದ್ದರೆ ಸ್ಟ್ಯಾಕ್, ಅಂದರೆ ಇನ್ನೂ ಮುಗಿಯದ ಕರೆಗಳ ಪಟ್ಟಿಯನ್ನು, ಬೆಳೆಸಬೇಕಾಗಿಲ್ಲ. ಬಹಳಷ್ಟು ಸಿ ಕಂಪೈಲರ್‌ಗಳು ಇದನ್ನು ಸಾಧ್ಯವಾದಾಗ ಮಾಡುತ್ತವೆ, ಆದರೆ ಮಾಡಲೇಬೇಕೆಂದು ಮಾನಕ ಹೇಳುವುದಿಲ್ಲ. ಸ್ಕೀಮ್ ಭಾಷೆಯ ಮಾನಕ ಹೇಳುತ್ತದೆ. ಅಲ್ಲಿ ಮಾತು ಕೊಟ್ಟಿರುವುದು ಕಂಪೈಲರ್, ಆದ್ದರಿಂದ ಸ್ಕೀಮ್ ಪ್ರೋಗ್ರಾಮರ್ ಕೊನೆಯಿಲ್ಲದ ಲೂಪನ್ನೂ ಫಂಕ್ಷನ್ ಕರೆಯಾಗಿಯೇ ನಿರ್ಭಯವಾಗಿ ಬರೆಯುತ್ತಾನೆ. ಜಾವಾಸ್ಕ್ರಿಪ್ಟ್‌ನ 2015ರ ಮಾನಕವೂ ಇದೇ ಮಾತು ಕೊಟ್ಟಿತು, ಆದರೆ ಮುಖ್ಯ ಬ್ರೌಸರ್‌ಗಳಲ್ಲಿ ಸಫಾರಿ ಬಿಟ್ಟು ಉಳಿದವು ಅದನ್ನು ನಡೆಸಿಕೊಡಲಿಲ್ಲ. ಆದಕಾರಣ ಅದನ್ನು ನಂಬಿ ಕೋಡು ಬರೆಯುವವರೂ ಇಲ್ಲ.

ನಮ್ಮ ಊರಿಗೆ ತಾಗುವ ಒಂದು ಉದಾಹರಣೆಯನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ಫೋಟೋಗಳನ್ನು ಸಂಸ್ಕರಿಸುವ ಪ್ರೋಗ್ರಾಂಗಳಲ್ಲಿ ಹಂತದ ಮೇಲೆ ಹಂತ ಇರುತ್ತದೆ; ಪ್ರತಿ ಹಂತವನ್ನೂ ಇಡೀ ಚಿತ್ರದ ಮೇಲೆ ಮುಗಿಸಿ ಮುಂದೆ ಹೋದರೆ ಮೆಮೊರಿಗೆ ಹೋಗಿಬರುವುದರಲ್ಲೇ ಕಾಲ ಕಳೆಯುತ್ತದೆ, ಚಿತ್ರವನ್ನು ಚಿಕ್ಕ ತುಣುಕುಗಳಾಗಿ ಕತ್ತರಿಸಿ ಎಲ್ಲ ಹಂತಗಳನ್ನೂ ಒಟ್ಟಿಗೆ ನಡೆಸಿದರೆ ತುಣುಕಿನ ಅಂಚುಗಳಲ್ಲಿ ಕೆಲಸ ಎರಡೆರಡು ಬಾರಿ ಮಾಡಬೇಕಾಗುತ್ತದೆ. 2012ರಲ್ಲಿ ಎಂಐಟಿಯಿಂದ ಬಂದ ಹ್ಯಾಲೈಡ್ ಭಾಷೆ ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿತು: ಏನು ಲೆಕ್ಕ ಹಾಕಬೇಕು ಎಂಬುದು ಒಂದು ಕಡೆ, ಯಾವ ಕ್ರಮದಲ್ಲಿ ಎಂಬ ‘ಶೆಡ್ಯೂಲ್’ ಇನ್ನೊಂದು ಕಡೆ. ಶೆಡ್ಯೂಲ್ ಏನೇ ಇದ್ದರೂ ಉತ್ತರ ಅದೇ, ಮೊದಲ ಫೋರ್ಟ್ರಾನ್‌ನ ಫ್ರೀಕ್ವೆನ್ಸಿ ಆಜ್ಞೆಯಂತೆ. ಆದರೆ ಒಳ್ಳೆಯ ಶೆಡ್ಯೂಲ್ ಬರೆಯುವುದನ್ನು ಹ್ಯಾಲೈಡ್ ಮನುಷ್ಯನಿಗೇ ಬಿಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದಯ್ ಬೊಂಧುಗುಲ ಅವರು ಮತ್ತು ಅವರ ವಿದ್ಯಾರ್ಥಿಗಳು 2015ರಲ್ಲಿ ಪ್ರಕಟಿಸಿದ ಪಾಲಿಮೇಜ್ ಆ ಕೆಲಸವನ್ನು ಕಂಪೈಲರ್ ಕೈಗೆ ಕೊಟ್ಟಿತು. ಲೂಪುಗಳನ್ನು ಜ್ಯಾಮಿತಿಯ ಆಕೃತಿಗಳಂತೆ ಕಂಡು ಕತ್ತರಿಸುವ, ಪಾಲಿಹೆಡ್ರಲ್ ಎಂದು ಕರೆಯುವ ವಿಧಾನದಿಂದ ಯಾವ ಹಂತಗಳನ್ನು ಬೆಸೆಯಬೇಕು, ಎಷ್ಟು ದೊಡ್ಡ ತುಣುಕು ಬೇಕು ಎಂಬುದನ್ನು ಅದೇ ಲೆಕ್ಕ ಹಾಕುತ್ತದೆ. ಮರುವರ್ಷವೇ ಪಾಲಿಮೇಜ್‌ನ ಲೇಖಕರಲ್ಲಿ ಒಬ್ಬರು ಬೇರೆಯವರೊಡನೆ ಸೇರಿ ಹ್ಯಾಲೈಡ್‌ಗೂ ತಾನಾಗಿ ಶೆಡ್ಯೂಲ್ ಬರೆಯುವ ವ್ಯವಸ್ಥೆಯೊಂದನ್ನು ಪ್ರಕಟಿಸಿದರು.

ಇದನ್ನೇ ಸಿಯ ಮೇಲೆ ಮಾಡಬಾರದೇ ಎಂದು ಉಪನ್ಯಾಸದ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು. ಮಾಡುತ್ತಾರೆ, ಬೊಂಧುಗುಲ ಅವರದೇ 2008ರ ಪ್ಲೂಟೊ ಸಿಯ ಲೂಪುಗಳನ್ನು ಇದೇ ವಿಧಾನದಿಂದ ಮರುಜೋಡಿಸುತ್ತದೆ. ಆದರೆ ಯಾವ ಲೂಪನ್ನು ಅದಕ್ಕೆ ಒಪ್ಪಿಸಬಹುದು ಎಂದು ಪ್ರೋಗ್ರಾಮರ್ ಗುರುತು ಹಾಕಿ ತೋರಿಸಬೇಕು, ಅದರೊಳಗಿನ ಅರೇಗಳು ಒಂದರ ಮೇಲೊಂದು ಬಿದ್ದಿಲ್ಲವೆಂದು ಅವರೇ ಖಾತ್ರಿ ಮಾಡಿಕೊಂಡಿರಬೇಕು. ಹ್ಯಾಲೈಡ್ ಮತ್ತು ಪಾಲಿಮೇಜ್‌ಗಳಲ್ಲಿ ಹಂತಗಳನ್ನು ವಿವರಿಸುವಾಗ ಪಾಯಿಂಟರ್ ಎಂಬುದೇ ಇಲ್ಲ, ಅಲ್ಲಿ ಪುಟ್ಟನಿಗೆ ಇರುವುದು ಒಂದೇ ಹೆಸರು.